ಭ್ರೂಣದಲ್ಲಿದ್ದ ಮೆಸೆಂಟರಿ ದೊಡ್ಡವರಾದ ಮೇಲೆ ಎಲ್ಲಿಗೆ ಹೋಗುತ್ತದೆ?

ಮೊದಲ್ನೇ_ವರ್ಷ
ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮೊದಲ ವರ್ಷ. ಈಗ ಹೊಟ್ಟೆಯ ಡಿಸೆಕ್ಷನ್ ನಡೆಯುತ್ತಿದೆ, ತಲೆ ಕೆಟ್ಟಿದೆ. ಎಂಬ್ರಿಯಾಲಜಿ ಪುಸ್ತಕ ತೆಗೆದರೆ ಅನ್ನನಾಳದ ಕೆಳತುದಿಯಿಂದ ಗುದದವರೆಗೂ ಕರುಳಿಗೆ ಬೆನ್ನ ಕಡೆ ಒಂದೇ ಉದ್ದನೆಯ ಮೆಸೆಂಟರಿ (ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಡುವ ಪೊರೆ) ಇರುತ್ತದೆ ಎಂದಿದೆ. ಅನಾಟಮಿ ಪುಸ್ತಕ ತೆಗೆದರೆ ಅಸೆಂಡಿಂಗ್ ಕೋಲನ್‌ಗೆ (ದೊಡ್ಡ ಕರುಳಿನ ಬಲಗಡೆ ಮೇಲೇರುವ ಭಾಗ) ಮೆಸೆಂಟರಿ ಇಲ್ಲ, ಎಡಗಡೆ ಕೆಳಗಿಳಿಯುವ ಡಿಸೆಂಡಿಂಗ್‌ಗೂ ಇಲ್ಲ. ಮಧ್ಯೆ ಅದು ಎಲ್ಲಿಗೆ ಹೋಯಿತು? ಸೀನಿಯರ್ ಒಬ್ಬರನ್ನು ಕೇಳಿದರೆ "ಕರಗೋಗತ್ತೆ, ಸುಮ್ನೆ ಬರ್ಕೋ" ಎಂದರು. ಒಂದು ವಿಡಿಯೋದಲ್ಲಿ ಮೆಸೆಂಟರಿ ಹೊಸ ಅಂಗ, 2017ರಲ್ಲಿ ಕಂಡುಹಿಡಿದರು ಅಂತಾರೆ. ಯಾರನ್ನು ನಂಬಬೇಕು? ವೈವಾ (ಮೌಖಿಕ ಪರೀಕ್ಷೆ) ಹತ್ತಿರ ಬಂತು.

ಬೋಟಿ_ಬಸವ
ನಾನು ಡಾಕ್ಟರ್ ಅಲ್ಲ, ಆದರೂ ಒಂದು ಡೌಟು. ಕುರಿ ಬೋಟಿ ತೊಳೆಯುವಾಗ ಕರುಳಿನ ಸುತ್ತೆಲ್ಲ ಹಿಡಿದುಕೊಂಡಿರುವ ತೆಳ್ಳನೆ ಪೊರೆ ಬರುತ್ತಲ್ಲ, ಮಧ್ಯೆ ಮಧ್ಯೆ ಕೊಬ್ಬು, ನರದ ತರಹ ಗೆರೆಗಳು. ಅದೇನಾ ಇದು?

ಅನಾಟಮಿ_ಅಕ್ಕ
ಬಸವ ಅವರೇ, ಅದೇ. ಆ ಗೆರೆಗಳು ರಕ್ತನಾಳಗಳು. ಕರುಳಿಗೆ ರಕ್ತ, ನರ, ಲಿಂಫ್ ಎಲ್ಲ ಆ ಪೊರೆಯ ಒಳಗಿಂದಲೇ ಹೋಗಬೇಕು, ಬೇರೆ ದಾರಿ ಇಲ್ಲ.

ಮೊದಲ್ನೇ ವರ್ಷದ ತಮ್ಮಾ, ವೈವಾದಲ್ಲಿ "ಕರಗುತ್ತದೆ" ಎನ್ನಬೇಡ. ಬುಡದಿಂದ ನೋಡು. 3ನೇ ವಾರದಲ್ಲಿ ಭ್ರೂಣ ಚಪ್ಪಟೆಯಾಗಿರುತ್ತದೆ, ಮೂರು ಪದರ. ಹೊರಗಿನದು ಎಕ್ಟೋಡರ್ಮ್, ಒಳಗಿನದು ಎಂಡೋಡರ್ಮ್, ನಡುವಿನದು ಮೀಸೋಡರ್ಮ್. ಅದರ ಅಂಚಿನ ಭಾಗ ಎರಡು ಹಾಳೆಯಾಗಿ ಸೀಳಿಕೊಳ್ಳುತ್ತದೆ. ಒಂದು ಹಾಳೆ ಎಕ್ಟೋಡರ್ಮ್ ಜೊತೆ ಸೇರಿ ಮೈಯ ಗೋಡೆಯಾಗುತ್ತದೆ, ಇನ್ನೊಂದು ಎಂಡೋಡರ್ಮ್ ಜೊತೆ ಹೋಗುತ್ತದೆ. ಇವೆರಡರ ನಡುವೆ ಉಳಿದ ಖಾಲಿ ಜಾಗವೇ ಮುಂದೆ ಪೆರಿಟೋನಿಯಲ್ ಕ್ಯಾವಿಟಿ, ಅಂದರೆ ಹೊಟ್ಟೆಯೊಳಗಿನ ಜಾಗ. 4ನೇ ವಾರದಲ್ಲಿ ಭ್ರೂಣದ ಎರಡೂ ಪಕ್ಕ ಮುಂದಕ್ಕೆ ಮಡಚಿಕೊಳ್ಳುತ್ತವೆ. ಎಂಡೋಡರ್ಮ್ ಕೊಳವೆಯಾಗುತ್ತದೆ. ಅದರ ಜೊತೆಗಿದ್ದ ಮೀಸೋಡರ್ಮ್ ಹಾಳೆ ಎಡದಿಂದಲೂ ಬಲದಿಂದಲೂ ಕೊಳವೆಯನ್ನು ಸುತ್ತಿ ಬೆನ್ನ ಕಡೆ ಒಂದರ ಪಕ್ಕ ಒಂದು ನಿಲ್ಲುತ್ತದೆ. ಮೊದಲು ಆ ಜೋಡಣೆ ದಪ್ಪ, ಅಗಲ. ಬರುಬರುತ್ತಾ ಕಿರಿದಾಗಿ ತೆಳ್ಳಗಿನ ಪೊರೆಯಾಗುತ್ತದೆ. ಅದೇ ಡಾರ್ಸಲ್ (ಬೆನ್ನ ಕಡೆಯ) ಮೆಸೆಂಟರಿ.

ಅಂದರೆ ಕರುಳು ಆದ ಮೇಲೆ ಯಾರೋ ತಂದು ಅಂಟಿಸಿದ ಪೊರೆ ಅಲ್ಲ ಇದು. ಕರುಳಿನ ಗೋಡೆ ಯಾವ ಹಾಳೆಯಿಂದ ಆಯಿತೋ ಅದೇ ಹಾಳೆಯ ಮುಂದುವರಿದ ಭಾಗ. ಇದು ತಲೆಗೆ ಹೋದರೆ ಉಳಿದದ್ದು ಸುಲಭ.

ಹಾಸನದ_ಹೈದ
ಬೆನ್ನ ಕಡೆ ಸರಿ ಅಕ್ಕಾ. ಮುಂದೆ? ಎರಡು ಪಕ್ಕದಿಂದ ಹಾಳೆ ಬಂದರೆ ಹೊಟ್ಟೆಯ ಮುಂದೂ ಒಂದು ಪೊರೆ ಆಗಬೇಕಲ್ವಾ?

ಅನಾಟಮಿ_ಅಕ್ಕ
ಒಳ್ಳೆ ಪ್ರಶ್ನೆ. ಮುಂದೆ ಇರುವುದು ಮೇಲ್ಭಾಗದಲ್ಲಿ ಮಾತ್ರ. ಅನ್ನನಾಳದ ಕೊನೆ, ಜಠರ, ಡುವೋಡಿನಮ್‌ನ (ಸಣ್ಣ ಕರುಳಿನ ಮೊದಲ ಭಾಗ) ಶುರು, ಅಷ್ಟೇ. ಅದಕ್ಕಿಂತ ಕೆಳಗೆ ವೆಂಟ್ರಲ್ (ಮುಂದಿನ) ಮೆಸೆಂಟರಿ ಇಲ್ಲ. ಹಾಗಾಗಿಯೇ ಕೆಳಗೆ ಎಡ ಬಲ ಎರಡೂ ಜಾಗ ಸೇರಿ ಒಂದೇ ಆಗಿದೆ.

ಆ ಮೇಲಿನ ಪೊರೆಯೊಳಗೆ ಲಿವರ್ ಬೆಳೆಯುತ್ತದೆ. ಬೆಳೆದು ಪೊರೆಯನ್ನು ಎರಡು ಪಾಲು ಮಾಡುತ್ತದೆ. ಲಿವರ್‌ನಿಂದ ಹೊಟ್ಟೆಯ ಮುಂಗೋಡೆಗೆ ಹೋಗುವುದು ಫಾಲ್ಸಿಫಾರ್ಮ್ ಲಿಗಮೆಂಟ್, ಲಿವರ್‌ನಿಂದ ಜಠರಕ್ಕೆ ಹೋಗುವುದು ಲೆಸ್ಸರ್ ಒಮೆಂಟಮ್. ಫಾಲ್ಸಿಫಾರ್ಮ್‌ನ ಕೆಳಅಂಚಿನಲ್ಲಿ ಹೊಕ್ಕುಳಿನಿಂದ ಬರುವ ಅಂಬಿಲಿಕಲ್ ವೇಯ್ನ್ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಹೋಗಿ ಹುರಿಯಾಗುತ್ತದೆ, ಲಿಗಮೆಂಟಮ್ ಟೆರೆಸ್. ಲೆಸ್ಸರ್ ಒಮೆಂಟಮ್‌ನ ಅಂಚಿನಲ್ಲಿ ಪಿತ್ತನಾಳ, ಹೆಪಾಟಿಕ್ ಆರ್ಟರಿ, ಪೋರ್ಟಲ್ ವೇಯ್ನ್.

ಪುಸ್ತಕದ_ಹುಳ
ಮೇಡಂ, ಒಂದು ತಿದ್ದುಪಡಿ. ವೆಂಟ್ರಲ್ ಮೆಸೆಂಟರಿ ಬರುವುದು ಎದೆ, ಹೊಟ್ಟೆ ನಡುವಿನ ದಪ್ಪ ತಡಿಕೆಯಾದ ಸೆಪ್ಟಮ್ ಟ್ರಾನ್ಸ್‌ವರ್ಸಮ್‌ನಿಂದ. ನೀವು ಎರಡು ಪಕ್ಕದ ಹಾಳೆ ಸೇರಿ ಆಯಿತು ಅನ್ನುವ ಹಾಗೆ ಬರೆದಿದ್ದೀರಿ. ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ಮಾರ್ಕ್ ಹೋಗುತ್ತದೆ.

ಅನಾಟಮಿ_ಅಕ್ಕ
ಪಕ್ಕದ ಹಾಳೆ ಎಂದಿದ್ದು ಹಾಸನದವರು, ನಾನಲ್ಲ, ಮೇಲೆ ಓದಿ. ಸೆಪ್ಟಮ್ ಟ್ರಾನ್ಸ್‌ವರ್ಸಮ್ ಸರಿ. ಅದೂ ಮೀಸೋಡರ್ಮೇ. ಡಯಾಫ್ರಮ್‌ಗೂ ಪಾಲು ಕೊಡುತ್ತದೆ.

ಹಳೇ_ಸರ್ಜನ್
ಎಲ್ಲರೂ ಸುತ್ತಿ ಬಳಸಿ ಹೋಗುತ್ತಿದ್ದೀರಿ. ಹುಡುಗ ಕೇಳಿದ್ದು ಕೋಲನ್‌ನ ಮೆಸೆಂಟರಿ ಎಲ್ಲಿ ಹೋಯಿತು ಎಂದು. ಎಲ್ಲೂ ಹೋಗಿಲ್ಲ. ಹಿಂಗೋಡೆಗೆ ಅಂಟಿಕೊಂಡು ಕೂತಿದೆ.

ಇದನ್ನು 1879ರಲ್ಲೇ ಕಾರ್ಲ್ ಟೋಲ್ಟ್ ಬರೆದಿದ್ದರು. ಕೋಲನ್ ತನ್ನ ಜಾಗಕ್ಕೆ ಬಂದ ಮೇಲೆ ಅದರ ಮೆಸೆಂಟರಿ ಹಿಂಗೋಡೆಯ ಮೇಲೆ ಒರಗುತ್ತದೆ, ಎದುರುಬದುರಾದ ಎರಡು ಪೆರಿಟೋನಿಯಂ (ಹೊಟ್ಟೆಯ ಒಳಗಿನ ತೆಳು ಹೊದಿಕೆ) ಪದರ ಸೇರಿ ಒಂದು ತೆಳು ಕನೆಕ್ಟಿವ್ ಟಿಶ್ಯೂ ಆಗುತ್ತದೆ, ಮೆಸೆಂಟರಿ ಮಾತ್ರ ಹಾಗೇ ಉಳಿಯುತ್ತದೆ. ಆ ನಡುವಿನ ತೆಳು ಪದರಕ್ಕೆ ಇವತ್ತೂ ಟೋಲ್ಟ್ ಫೇಶಿಯಾ ಅಂತಾರೆ. 1885ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ರೀವ್ಸ್ 100 ಶವ ಪರೀಕ್ಷಿಸಿ, ಬಹಳ ಜನರಲ್ಲಿ ಅಸೆಂಡಿಂಗ್, ಡಿಸೆಂಡಿಂಗ್ ಕೋಲನ್‌ಗೆ ಮೆಸೆಂಟರಿ ಇಲ್ಲ ಎಂದರು. ದೊಡ್ಡ ಹೆಸರು. ಎಲ್ಲ ಪುಸ್ತಕವೂ ಟ್ರೀವ್ಸ್ ಹಿಂದೆ ಹೋಯಿತು. ಟೋಲ್ಟ್ ಮಾತು ಮೂಲೆಗೆ ಬಿತ್ತು. ನಿನ್ನ ಅನಾಟಮಿ ಪುಸ್ತಕದಲ್ಲಿರುವುದು ಟ್ರೀವ್ಸ್, ಎಂಬ್ರಿಯಾಲಜಿಯಲ್ಲಿರುವುದು ಹೆಚ್ಚುಕಡಿಮೆ ಟೋಲ್ಟ್. ಅದಕ್ಕೇ ಎರಡೂ ಜಗಳ ಆಡುತ್ತಿವೆ.

ಓಟಿಯಲ್ಲಿ (ಆಪರೇಷನ್ ಥಿಯೇಟರ್) ನಿಂತವರಿಗೆ ಇದು ವಾದದ ವಿಷಯವೇ ಅಲ್ಲ. ಕೋಲನ್‌ನ ಹೊರಅಂಚಿನಲ್ಲಿ ಒಂದು ಬಿಳಿಗೆರೆ ಕಾಣುತ್ತದೆ. ಅಲ್ಲಿ ಬಿಡಿಸಿ ಸರಿಯಾದ ಪದರಕ್ಕೆ ಹೋದರೆ ಇಡೀ ಕೋಲನ್ ತನ್ನ ಮೆಸೆಂಟರಿ ಸಮೇತ ಮೇಲೆದ್ದು ಬರುತ್ತದೆ, ರಕ್ತ ಹೆಚ್ಚೇನೂ ಬರುವುದಿಲ್ಲ. ಭ್ರೂಣದಲ್ಲಿ ಅಂಟಿಕೊಂಡದ್ದನ್ನು ನಾವು ಬಿಡಿಸುತ್ತೇವೆ. ಇಲ್ಲದ ವಸ್ತುವನ್ನು ಬಿಡಿಸಲು ಆಗುತ್ತದಾ?

ಮೊದಲ್ನೇ_ವರ್ಷ
ಸರ್, ಹಾಗಾದರೆ 2017ರ ಹೊಸ ಅಂಗ?

ಹಳೇ_ಸರ್ಜನ್
ಪತ್ರಿಕೆಯವರ ಗದ್ದಲ. ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಕ್ಯಾಲ್ವಿನ್ ಕಾಫಿ ಮತ್ತು ಜೊತೆಯವರು 2012ರಲ್ಲಿ ಆಪರೇಷನ್‌ಗಳಲ್ಲಿ ನೋಡಿ, ಸಣ್ಣ ಕರುಳಿನಿಂದ ರೆಕ್ಟಮ್, ಅಂದರೆ ಗುದನಾಳದವರೆಗೆ ಮೆಸೆಂಟರಿ ಒಂದೇ, ಎಲ್ಲೂ ತುಂಡಾಗಿಲ್ಲ ಎಂದು ತೋರಿಸಿದರು. 2016ರ ಕೊನೆಯಲ್ಲಿ ಅದನ್ನು ಅಂಗ ಎಂದು ಕರೆಯಬೇಕು ಎಂದು ಲೇಖನ ಬರೆದರು. 2017ರ ಜನವರಿಯಲ್ಲಿ ಸುದ್ದಿಯಾಯಿತು. ಅವರು "ಹೊಸದಾಗಿ ಸಿಕ್ಕಿತು" ಎನ್ನಲಿಲ್ಲ. ಲಿಯನಾರ್ಡೊ ಡಾ ವಿಂಚಿಯ ಚಿತ್ರದಲ್ಲೇ ಅದು ಒಂದೇ ಪೊರೆಯಾಗಿದೆ.

ತುಂಗಾ_ತೀರ
ಅಂಗ ಅಂದರೆ ಏನು ಲಾಭ? ಹೆಸರು ಬದಲಾದರೆ ಕಾಯಿಲೆ ವಾಸಿಯಾಗುತ್ತಾ?

ಹಳೇ_ಸರ್ಜನ್
ಅಂಗ ಅನ್ನಿ, ಬಿಡಿ, ನನಗೆ ಅದರಲ್ಲಿ ಆಸಕ್ತಿ ಇಲ್ಲ. ಆದರೆ ಅದನ್ನು ಇಡಿಯಾಗಿ ನೋಡಿದ್ದರಿಂದ ಮೊದಲೇ ಲಾಭ ಆಗಿದೆ. 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್ ರೆಕ್ಟಮ್ ಕ್ಯಾನ್ಸರ್‌ಗೆ ಸುತ್ತಲಿನ ಮೀಸೋರೆಕ್ಟಮ್ (ರೆಕ್ಟಮ್ ಭಾಗದ ಮೆಸೆಂಟರಿ) ಅನ್ನು ಹರಿಯದೆ ಇಡಿಯಾಗಿ ತೆಗೆಯಬೇಕು ಎಂದರು. ಅದೇ ಜಾಗದಲ್ಲಿ ಮತ್ತೆ ಕ್ಯಾನ್ಸರ್ ಬರುವುದು ತುಂಬಾ ಕಡಿಮೆಯಾಯಿತು. ಲಿಂಫ್ ಗಂಟುಗಳು ಆ ಪೊರೆಯೊಳಗೇ ಇರುತ್ತವೆ, ಪೊರೆ ಹರಿದರೆ ಕ್ಯಾನ್ಸರ್ ಜೀವಕೋಶ ಹೊರಗೆ ಚೆಲ್ಲುತ್ತವೆ. ಭ್ರೂಣದಲ್ಲಿ ಯಾವುದು ಒಟ್ಟಿಗೆ ಬೆಳೆಯಿತೋ ಅದನ್ನು ಒಟ್ಟಿಗೇ ತೆಗೆ ಎನ್ನುವ ಲೆಕ್ಕ.

ಬೋಟಿ_ಬಸವ
ಟ್ರೀವ್ಸ್ ಅಂದರೆ ರಾಜನಿಗೆ ಆಪರೇಷನ್ ಮಾಡಿದವನಾ?

ಪುಸ್ತಕದ_ಹುಳ
ಹೌದು. 1902ರಲ್ಲಿ 7ನೇ ಎಡ್ವರ್ಡ್‌ಗೆ ಪಟ್ಟಾಭಿಷೇಕಕ್ಕೆ ಮುಂಚೆ ಅಪೆಂಡಿಕ್ಸ್ ಕೀವುಗಟ್ಟಿತ್ತು. ಟ್ರೀವ್ಸ್ ಕೊಯ್ದು ಕೀವು ತೆಗೆದರು. ಪಟ್ಟಾಭಿಷೇಕ ಮುಂದಕ್ಕೆ ಹೋಯಿತು.

ಹಸು_ಡಾಕ್ಟ್ರು
ಪಶುವೈದ್ಯರ ಕಡೆಯಿಂದ ಒಂದು ಮಾತು. ಈ ಅಂಟುವ ಗಲಾಟೆ ಜಾಸ್ತಿ ಇರುವುದು ನಿಮ್ಮ ಮನುಷ್ಯರಲ್ಲೇ. ನಾಯಿಯ ಹೊಟ್ಟೆ ತೆಗೆದರೆ ಕೋಲನ್ ಆರಾಮಾಗಿ ತನ್ನ ಮೆಸೆಂಟರಿಯಲ್ಲಿ ತೂಗುತ್ತಿರುತ್ತದೆ, ಕೈಯಲ್ಲಿ ಎತ್ತಿ ಹೊರಗೆ ತರಬಹುದು. ಬಸವಣ್ಣಾ, ನೀವು ಬೋಟಿಯಲ್ಲಿ ಚಕ್ಕುಲಿ ಆಕಾರದ ಸುತ್ತು ನೋಡಿರುತ್ತೀರಿ. ಅದು ಕುರಿ, ಮೇಕೆ, ದನಗಳ ಅಸೆಂಡಿಂಗ್ ಕೋಲನ್. ಮೆಸೆಂಟರಿಯ ಒಳಗೇ ಒಳಮುಖವಾಗಿ ಸುತ್ತಿ, ನಡುವೆ ತಿರುಗಿ, ಮತ್ತೆ ಹೊರಮುಖವಾಗಿ ಬರುತ್ತದೆ.

ಬೋಟಿ_ಬಸವ
ಓಹೋ, ಅದಾ! ಅದನ್ನು ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಬಿಸಿನೀರು, ಸುಣ್ಣ...

ತುಂಗಾ_ತೀರ
ಅಣ್ಣಾ, ಅಡುಗೆ ವಿಭಾಗ ಬೇರೆ ಇದೆ.

ಮೆಕ್ಯಾನಿಕಲ್_ಮಂಜ
ಇಂಜಿನಿಯರ್ ತಲೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಸಣ್ಣ ಕರುಳು ಸುಮಾರು 6 ಮೀಟರ್. ಅದರ ಮೆಸೆಂಟರಿ ಹಿಂಗೋಡೆಗೆ ಕೂಡುವ ಬುಡ ಸುಮಾರು 15 ಸೆಂಟಿಮೀಟರ್. ಇಷ್ಟು ವ್ಯತ್ಯಾಸ ಹೇಗೆ ಆಯಿತು, ಕರುಳು ಯಾರು ಹೇಳಿ ಸುರುಳಿಯಾಯಿತು? ಇದಕ್ಕೆ 2011ರಲ್ಲಿ ಹಾರ್ವರ್ಡ್‌ನಲ್ಲಿ ಕ್ಲಿಫ್ ಟಾಬಿನ್ ಮತ್ತು ಎಲ್. ಮಹದೇವನ್ ತಂಡದವರು ಉತ್ತರ ಕೊಟ್ಟಿದ್ದಾರೆ. ಕೋಳಿ ಭ್ರೂಣದ ಕರುಳನ್ನು ಮೆಸೆಂಟರಿಯಿಂದ ಬಿಡಿಸಿದರು. ಕರುಳು ಸುರುಳಿ ಬಿಟ್ಟು ನೆಟ್ಟಗಾಯಿತು. ಮೆಸೆಂಟರಿ ಕುಗ್ಗಿತು. ಅಂದರೆ ಕರುಳು ಬೇಗ ಬೆಳೆಯುತ್ತದೆ, ಮೆಸೆಂಟರಿ ನಿಧಾನಕ್ಕೆ. ಕರುಳನ್ನು ಅದು ಎಳೆದು ಹಿಡಿದಿರುತ್ತದೆ. ಉದ್ದ ಆಗಲು ಜಾಗ ಸಿಗದೆ ಕರುಳು ಬಾಗುತ್ತದೆ. ಇದನ್ನೇ ರಬ್ಬರ್ ಕೊಳವೆಗೆ ಎಳೆದು ಹಿಡಿದ ರಬ್ಬರ್ ಹಾಳೆ ಹೊಲಿದು ಬಿಟ್ಟರು, ಭ್ರೂಣದಲ್ಲಿರುವಂಥದೇ ಸುರುಳಿ ಬಂತು. ಕೊಳವೆಯ ದಪ್ಪ, ಗಡಸುತನ, ಬೆಳವಣಿಗೆಯ ವ್ಯತ್ಯಾಸ ಕೊಟ್ಟರೆ ಎಷ್ಟು ಸುರುಳಿ, ಎಷ್ಟು ಅಗಲ ಎಂದು ಲೆಕ್ಕ ಹಾಕಬಹುದು. ಕ್ವೇಲ್ ಹಕ್ಕಿ, ಫಿಂಚ್, ಇಲಿಗಳಲ್ಲೂ ಲೆಕ್ಕ ಕೂಡಿತು.

ಲಂಗಕ್ಕೆ ನೆರಿಗೆ ಇಟ್ಟ ಹಾಗೆ. ಸೊಂಟದ ಪಟ್ಟಿ ಚಿಕ್ಕದು, ಕೆಳಗಿನ ಘೇರು ದೊಡ್ಡದು.

ಅನಾಟಮಿ_ಅಕ್ಕ
ಮಂಜ ಅವರೇ, ಲೇಖನ ಚೆನ್ನಾಗಿ ಹೇಳಿದಿರಿ, ಲಂಗದ ವಿಷಯ ಪೂರ್ತಿ ಸರಿ ಅಲ್ಲ. ನೆರಿಗೆ ಹಿಡಿಯುವುದು ಸೊಂಟದ ಹತ್ತಿರ, ಹೊಲಿಯುವವರು. ಇಲ್ಲಿ ಬಾಗುವುದು ಅಂಚಿನ ಕೊಳವೆ, ತಾನಾಗಿಯೇ.

ಮೆಕ್ಯಾನಿಕಲ್_ಮಂಜ
ಸರಿ ಮೇಡಂ, ಆದರೂ ಅರ್ಥ ಆಯಿತಲ್ಲ, ಸಾಕು.

ಹಾಸನದ_ಹೈದ
ತಿರುಗುವುದು 270 ಡಿಗ್ರಿ ಅಂತಾರಲ್ಲ, ಅದು ಬೇರೆಯಾ?

ಅನಾಟಮಿ_ಅಕ್ಕ
ಬೇರೆ, ಸುರುಳಿಗೆ ಮುಂಚೆಯೇ ಶುರುವಾಗುತ್ತದೆ. 6ನೇ ವಾರದಲ್ಲಿ ಮಧ್ಯದ ಕರುಳು ಉದ್ದ ಬೆಳೆಯುತ್ತದೆ, ಲಿವರ್ ದೊಡ್ಡದಿರುತ್ತದೆ, ಹೊಟ್ಟೆಯಲ್ಲಿ ಜಾಗ ಸಾಲದು. ಕರುಳು ಹೊಕ್ಕುಳಬಳ್ಳಿಯೊಳಗೆ ಹೊರಬರುತ್ತದೆ. ಮಧ್ಯದ ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟರಿಕ್ ಆರ್ಟರಿಯೇ ಅಚ್ಚು, ಅದರ ಸುತ್ತ 90 ಡಿಗ್ರಿ ತಿರುಗುತ್ತದೆ. ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. 10ನೇ ವಾರದಲ್ಲಿ ಒಳಗೆ ಹೋಗುತ್ತಾ ಇನ್ನೂ 180. ಮೊದಲು ಜೆಜುನಮ್ (ಸಣ್ಣ ಕರುಳಿನ ಎರಡನೇ ಭಾಗ) ಹೋಗಿ ಎಡಕ್ಕೆ ಕೂರುತ್ತದೆ, ಕೊನೆಗೆ ಸೀಕಮ್ (ದೊಡ್ಡ ಕರುಳಿನ ಶುರು). ಅದು ಮೊದಲು ಲಿವರ್ ಕೆಳಗೆ ಬಂದು ಆಮೇಲೆ ಬಲ ಕೆಳಹೊಟ್ಟೆಗೆ ಇಳಿಯುತ್ತದೆ. ಇದೆಲ್ಲ ಮುಗಿದ ಮೇಲೆ ಸರ್ಜನ್ ಸರ್ ಹೇಳಿದ ಅಂಟುವಿಕೆ. ಟ್ರಾನ್ಸ್‌ವರ್ಸ್ ಕೋಲನ್, ಸಿಗ್ಮಾಯ್ಡ್ (ದೊಡ್ಡ ಕರುಳಿನ ಅಡ್ಡ ಭಾಗ, ರೆಕ್ಟಮ್ ಮುಂಚಿನ ಬಾಗಿದ ಭಾಗ) ಎರಡಕ್ಕೂ ತೂಗಾಡುವ ಮೆಸೆಂಟರಿ ಹಾಗೇ ಉಳಿಯುತ್ತದೆ. ಡುವೋಡಿನಮ್ ಬಹುಪಾಲು, ಪ್ಯಾಂಕ್ರಿಯಾಸ್ ಹಿಂಗೋಡೆಗೆ ಅಂಟುತ್ತವೆ.

ಜಠರದ ಕಥೆ ಇನ್ನೊಂದು. ಅದು 90 ಡಿಗ್ರಿ ತಿರುಗಿ, ಅದರ ಡಾರ್ಸಲ್ ಮೆಸೆಂಟರಿ ಎಡಕ್ಕೆ ಉಬ್ಬಿ ಕೆಳಕ್ಕೆ ಇಳಿದು ಗ್ರೇಟರ್ ಒಮೆಂಟಮ್ ಆಗುತ್ತದೆ. ಸ್ಪ್ಲೀನ್ (ಗುಲ್ಮ) ಹುಟ್ಟುವುದೂ ಅದೇ ಪೊರೆಯೊಳಗೆ. ಸ್ಪ್ಲೀನ್ ಕರುಳಿನ ಎಂಡೋಡರ್ಮ್‌ನಿಂದ ಬಂದದ್ದಲ್ಲ, ಇದು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಸ್ಕ್ಯಾನ್_ಸುಮ
ರೇಡಿಯಾಲಜಿಯವಳು. ಗರ್ಭಿಣಿಯರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಸ್ಕ್ಯಾನ್ ವಾರ ಎಣಿಸುವುದು ಕೊನೆಯ ಮುಟ್ಟಿನಿಂದ, ಅಕ್ಕ ಹೇಳಿದ ಭ್ರೂಣದ ವಾರಕ್ಕಿಂತ ಸುಮಾರು ಎರಡು ವಾರ ಹೆಚ್ಚು. 9, 10 ವಾರದ ಸ್ಕ್ಯಾನ್‌ನಲ್ಲಿ ಹೊಕ್ಕುಳಬಳ್ಳಿಯ ಬುಡದಲ್ಲಿ ಕರುಳು ಕಾಣುವುದು ಮಾಮೂಲು. 12 ವಾರದೊಳಗೆ ಒಳಗೆ ಹೋಗಿರಬೇಕು. ಅದಕ್ಕೂ ಮುಂಚೆಯೇ ಅಂಫಲೋಸೀಲ್ (ಹೊಟ್ಟೆಯ ಅಂಗ ಹೊಕ್ಕುಳಲ್ಲಿ ಹೊರಗೇ ಉಳಿಯುವ ದೋಷ) ಎಂದು ಹೆದರಬೇಡಿ, ವಾರ ಬಿಟ್ಟು ಮತ್ತೆ ನೋಡುತ್ತಾರೆ. ಆದರೆ ಲಿವರ್ ಹೊರಗಿದ್ದರೆ ಅದು ಯಾವ ವಾರದಲ್ಲೂ ಮಾಮೂಲಲ್ಲ.

ಪುಸ್ತಕದ_ಹುಳ
270 ಡಿಗ್ರಿ ಬಗ್ಗೆ ಎಲ್ಲರೂ ಒಪ್ಪುವುದಿಲ್ಲ. ಜರ್ಮನಿಯ ಡೀಟ್ರಿಕ್ ಕ್ಲೂತ್ ಇಲಿ ಭ್ರೂಣಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಇಡೀ ಕರುಳು ಚಕ್ರದ ಹಾಗೆ ತಿರುಗುವುದು ಕಾಣುವುದಿಲ್ಲ, ಡುವೋಡಿನಮ್ ಕುಣಿಕೆ ಅಲ್ಲಲ್ಲೇ ಬೆಳೆದು ತಳ್ಳಿಕೊಂಡು ಹೋಗುತ್ತದೆ ಎಂದಿದ್ದಾರೆ. ಕೊನೆಯ ಜಾಗ ನೋಡಿ "ತಿರುಗಿದೆ" ಎಂದು ನಾವು ಲೆಕ್ಕ ಹಾಕಿದ್ದು.

ಹಳೇ_ಸರ್ಜನ್
ತಿರುಗಿತೋ ಬೆಳೆದು ಬಂತೋ, ಕೊನೆಗೆ ಎಲ್ಲಿ ಕೂತಿತು, ಎಲ್ಲಿ ಅಂಟಿತು ಎನ್ನುವುದು ಮುಖ್ಯ. ಪರೀಕ್ಷೆಗೆ 270 ಎಂದೇ ಬರೆಯಲಿ.

ಪುಸ್ತಕದ_ಹುಳ
ಇದೇ ಸರ್ ನಮ್ಮ ಸಮಸ್ಯೆ. ಟ್ರೀವ್ಸ್ ತಪ್ಪು ಎಂದು ಈಗಷ್ಟೇ ಬೈದಿರಿ, ಅದೂ ಪರೀಕ್ಷೆಗೆ ಬರೆಯಲಿ ಅಂತಲೇ ನೂರು ವರ್ಷ ಉಳಿದದ್ದು.

ಹಳೇ_ಸರ್ಜನ್
ಹುಡುಗ ಮೊದಲು ಪಾಸಾಗಲಿ ಮಾರಾಯ.

ಮಲೆನಾಡ_ಅಮ್ಮ
ನಿಮ್ಮ ಮಾತೆಲ್ಲ ನನಗೆ ಪೂರ್ತಿ ಅರ್ಥ ಆಗಲಿಲ್ಲ. ಆದರೆ ಇದೇ ವಿಷಯ ನಮ್ಮ ಮನೆಯಲ್ಲಿ ಆಗಿದೆ. ನನ್ನ ಮಗನಿಗೆ ಹುಟ್ಟಿದ ಮೊದಲ ವಾರವೇ ಹಸಿರು ವಾಂತಿ ಶುರುವಾಯಿತು. ಹೆರಿಗೆ ಆದ ಆಸ್ಪತ್ರೆಯಲ್ಲಿ ಗ್ಯಾಸು, ಹಾಲು ಕುಡಿಸಿದ ಮೇಲೆ ತೇಗಿಸಿ ಎಂದರು. ಅತ್ತೆ ದೃಷ್ಟಿ ತೆಗೆದರು. ರಾತ್ರಿ ಹೊತ್ತಿಗೆ ಮಗು ಅಳುವುದೂ ನಿಲ್ಲಿಸಿ ಸುಸ್ತಾಯಿತು. ನಮ್ಮೆಜಮಾನರು ಜಗಳ ಮಾಡಿ ದೊಡ್ಡ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳ ಸರ್ಜನ್ ಬಟ್ಟೆ ಮೇಲಿನ ಬಣ್ಣ ನೋಡಿದವರೇ ಸ್ಕ್ಯಾನ್‌ಗೆ ಕಳಿಸಿದರು. ಕರುಳು ತಿರುಚಿಕೊಂಡಿದೆ, ಹೊಟ್ಟೆಯಲ್ಲಿದ್ದಾಗಲೇ ಸರಿಯಾಗಿ ಕೂತಿಲ್ಲ ಎಂದರು. ಆಪರೇಷನ್ ಆಯಿತು. ಕರುಳು ಉಳಿಯಿತು. ಈಗ ಶಾಲೆಗೆ ಹೋಗುತ್ತಾನೆ, ಊಟಕ್ಕೆ ಮಾತ್ರ ಸತಾಯಿಸುತ್ತಾನೆ.

ಹಳೇ_ಸರ್ಜನ್
ಅಮ್ಮಾ, ನೀವು ಬರೆದದ್ದು ಒಳ್ಳೆಯದಾಯಿತು. ಹುಡುಗಾ, ಇದನ್ನು ಓದು. ಇದಕ್ಕೆ ಮಾಲ್‌ರೊಟೇಶನ್ ಎನ್ನುತ್ತಾರೆ.

ಸರಿಯಾಗಿ ಕೂತವರಲ್ಲಿ ಸಣ್ಣ ಕರುಳಿನ ಮೆಸೆಂಟರಿಯ ಬುಡ ಹೊಟ್ಟೆಯ ಎಡ ಮೇಲ್ಭಾಗದಿಂದ ಬಲ ಕೆಳಭಾಗದವರೆಗೆ ಓರೆಯಾಗಿ ಹರಡಿರುತ್ತದೆ. ಮಂಜ ಹೇಳಿದ 15 ಸೆಂಟಿಮೀಟರ್ ಅದೇ. ಅಗಲವಾದ ಬುಡ ಇದ್ದರೆ ತಿರುಚಿಕೊಳ್ಳುವುದು ಕಷ್ಟ. ಕರುಳು ಅರ್ಧ ದಾರಿಯಲ್ಲಿ ನಿಂತರೆ ಡುವೋಡಿನಮ್ ತುದಿಯೂ ಸೀಕಮ್ಮೂ ಹತ್ತಿರ ಹತ್ತಿರ ಉಳಿಯುತ್ತವೆ, ಬುಡ ಕಿರಿದು. ಇಡೀ ಮಧ್ಯದ ಕರುಳು ಆ ಕಿರಿದಾದ ಬುಡದ ಮೇಲೆ ತಿರುಚಬಹುದು. ತಿರುಚಿದರೆ ಒಳಗಿನ ಆರ್ಟರಿಯೂ ತಿರುಚುತ್ತದೆ, ರಕ್ತ ನಿಲ್ಲುತ್ತದೆ, ಕೆಲವೇ ಗಂಟೆಯಲ್ಲಿ ಕರುಳು ಕಪ್ಪಾಗಬಹುದು. ಜೊತೆಗೆ ಸೀಕಮ್‌ನಿಂದ ಬಲಗಡೆ ಗೋಡೆಗೆ ಹೋಗುವ ಪಟ್ಟಿಗಳು ಡುವೋಡಿನಮ್ ಮೇಲೆ ಹಾದು ಒತ್ತುತ್ತವೆ. ಬೋಸ್ಟನ್ನಿನ ವಿಲಿಯಂ ಲ್ಯಾಡ್ 1936ರಲ್ಲಿ ಬರೆದ ಆಪರೇಷನ್ ಇವತ್ತೂ ನಡೆಯುತ್ತದೆ. ತಿರುಚಿದ್ದನ್ನು ಬಿಡಿಸುವುದು, ಪಟ್ಟಿ ಕತ್ತರಿಸುವುದು, ಮೆಸೆಂಟರಿಯನ್ನು ಅಗಲ ಮಾಡಿ ಹರಡುವುದು. ಗಮನಿಸಿ, ಕರುಳನ್ನು "ಸರಿಯಾದ" ಜಾಗಕ್ಕೆ ತಿರುಗಿಸುವುದಿಲ್ಲ. ಸಣ್ಣ ಕರುಳು ಬಲಕ್ಕೆ, ಕೋಲನ್ ಎಡಕ್ಕೆ ಇಡುತ್ತಾರೆ. ಆಗ ಬುಡ ಅಗಲವಾಗುತ್ತದೆ, ಬೇಕಾದದ್ದು ಅಷ್ಟೇ.

ನವಜಾತ ಮಗು ಹಸಿರು ವಾಂತಿ ಮಾಡಿದರೆ ಬೇರೆ ಏನೋ ಎಂದು ಗೊತ್ತಾಗುವವರೆಗೂ ಅದನ್ನು ಕರುಳು ತಿರುಚಿದ್ದು ಎಂದೇ ನೋಡಬೇಕು. ಹಾಲಿನ ಬಣ್ಣದ ವಾಂತಿ ಬೇರೆ, ಹಸಿರು ಬೇರೆ.

ಸ್ಕ್ಯಾನ್_ಸುಮ
ಸೇರಿಸುತ್ತೇನೆ. ಅಲ್ಟ್ರಾಸೌಂಡ್‌ನಲ್ಲಿ ಆರ್ಟರಿ ಸುತ್ತ ವೇಯ್ನ್ ಮತ್ತು ಮೆಸೆಂಟರಿ ಸುಳಿಯಾಗಿ ಸುತ್ತಿದ್ದು ಕಾಣುತ್ತದೆ. ಮಗು ತೀರಾ ಸುಸ್ತಾಗಿದ್ದರೆ ಸ್ಕ್ಯಾನ್ ಕಾಯುತ್ತಾ ಕೂರದೆ ನೇರ ಓಟಿಗೆ ಹೋಗಬೇಕಾಗುತ್ತದೆ.

ತುಂಗಾ_ತೀರ
ಇದು ಎಷ್ಟು ಜನರಲ್ಲಿ ಇರುತ್ತದೆ? ಕೇಳಿದರೇ ಭಯ ಆಗುತ್ತದೆ.

ಹಳೇ_ಸರ್ಜನ್
ಸುಮಾರು 500ಕ್ಕೆ ಒಬ್ಬರಲ್ಲಿ ಒಂದಲ್ಲ ಒಂದು ಮಟ್ಟದ ವ್ಯತ್ಯಾಸ ಇರುತ್ತದೆ, ತೊಂದರೆ ಕೊಡುವುದು 6000ಕ್ಕೆ ಒಂದು ಮಗುವಿಗೆ ಎಂದು ಪುಸ್ತಕ ಹೇಳುತ್ತದೆ. ಎಷ್ಟೋ ಜನ ಗೊತ್ತಿಲ್ಲದೇ ಬದುಕಿ ಹೋಗುತ್ತಾರೆ.

ಹಾಸನದ_ಹೈದ
ಎಡ, ಬಲ ಎಂದು ಭ್ರೂಣಕ್ಕೆ ಹೇಗೆ ಗೊತ್ತು? ತಿರುಗುವುದು ಯಾವಾಗಲೂ ಒಂದೇ ಕಡೆಗೆ ಯಾಕೆ?

ಅನಾಟಮಿ_ಅಕ್ಕ
ಇದು ನನಗೆ ತುಂಬಾ ಇಷ್ಟವಾದ ಭಾಗ. 1998ರಲ್ಲಿ ಜಪಾನಿನವರು ಇಲಿ ಭ್ರೂಣದಲ್ಲಿ ತೋರಿಸಿದರು, ನೋಡ್ ಎನ್ನುವ ಚಿಕ್ಕ ಗುಳಿಯಲ್ಲಿ ಸಿಲಿಯಾ ಕೂದಲುಗಳು ಗಿರಗಿರ ತಿರುಗಿ ದ್ರವವನ್ನು ಎಡಕ್ಕೆ ಹರಿಸುತ್ತವೆ. ಅಲ್ಲಿಂದ ಎಡಭಾಗಕ್ಕೆ ಮಾತ್ರ ಕೆಲವು ಜೀನ್ ಚಾಲೂ ಆಗುತ್ತವೆ, ಕೊನೆಗೆ ಪಿಟ್ಎಕ್ಸ್2. ಅದು ಡಾರ್ಸಲ್ ಮೆಸೆಂಟರಿಯ ಎಡ ಅರ್ಧದಲ್ಲಿ ಕೆಲಸ ಮಾಡುತ್ತದೆ. ಎಡ ಅರ್ಧದ ಜೀವಕೋಶಗಳು ಒತ್ತೊತ್ತಾಗಿ ಸೇರುತ್ತವೆ, ಬಲ ಅರ್ಧದವು ದೂರ ದೂರ ಸರಿಯುತ್ತವೆ. ಪೊರೆ ಓರೆಯಾಗುತ್ತದೆ, ಕರುಳು ಎಡಕ್ಕೆ ವಾಲುತ್ತದೆ. ಕೋಳಿ ಮತ್ತು ಇಲಿ ಭ್ರೂಣದಲ್ಲಿ 2008ರಲ್ಲಿ ತೋರಿಸಿದ್ದು. ಅಂದರೆ ತಿರುಗಲು ಮೊದಲ ತಳ್ಳು ಕೊಡುವುದೂ ಮೆಸೆಂಟರಿಯೇ.

ಮೆಕ್ಯಾನಿಕಲ್_ಮಂಜ
ಹಾಗಾದರೆ ಸಿಲಿಯಾ ಕೆಟ್ಟರೆ ಎಲ್ಲ ಉಲ್ಟಾ?

ಅನಾಟಮಿ_ಅಕ್ಕ
ಉಲ್ಟಾ ಆಗಲೇಬೇಕೆಂದಿಲ್ಲ, ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ. ಪ್ರೈಮರಿ ಸಿಲಿಯರಿ ಡಿಸ್ಕಿನೀಸಿಯಾ (ಹುಟ್ಟಿನಿಂದಲೇ ಸಿಲಿಯಾ ಸರಿಯಾಗಿ ಆಡದ ಕಾಯಿಲೆ) ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಅಂಗಗಳು ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿರುತ್ತವೆ. ಪೂರ್ತಿ ಬದಲಾದವರಿಗೆ ಕರುಳಿನಿಂದ ತೊಂದರೆ ಕಡಿಮೆ. ಅರ್ಧಂಬರ್ಧ ಬದಲಾದವರಲ್ಲೇ ಮಾಲ್‌ರೊಟೇಶನ್ ಜಾಸ್ತಿ.

ಮಲೆನಾಡ_ಅಮ್ಮ
ಡಾಕ್ಟ್ರೇ, ಒಂದು ಕೇಳಬೇಕಿತ್ತು. ಮಗನ ಡಿಸ್ಚಾರ್ಜ್ ಚೀಟಿಯಲ್ಲಿ ಅಪೆಂಡಿಕ್ಸ್ ಕೂಡ ತೆಗೆದಿದೆ ಎಂದು ಬರೆದಿದ್ದಾರೆ. ಅದಕ್ಕೇನಾಗಿತ್ತು?

ಹಳೇ_ಸರ್ಜನ್
ಏನೂ ಆಗಿರಲಿಲ್ಲ. ಕೋಲನ್ ಎಡಕ್ಕೆ ಇಟ್ಟ ಮೇಲೆ ಅಪೆಂಡಿಕ್ಸ್ ಕೂಡ ಎಡಕ್ಕೆ ಹೋಗುತ್ತದೆ. ನಾಳೆ ಅದು ಊದಿಕೊಂಡರೆ ಎಡಗಡೆ ನೋವು ಬರುತ್ತದೆ, ನೋಡುವ ಡಾಕ್ಟರಿಗೆ ಹೊಳೆಯುವುದಿಲ್ಲ. ಅದಕ್ಕೇ ಬಹಳ ಜನ ಆಗಲೇ ತೆಗೆದುಬಿಡುತ್ತಾರೆ. ಆ ಚೀಟಿಯ ಎರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ, ಫೋನಿನಲ್ಲೂ ಫೋಟೋ ಇರಲಿ. ಮುಂದೆ ಎಂದಾದರೂ ಹೊಟ್ಟೆನೋವು, ಹಸಿರು ವಾಂತಿ ಬಂದರೆ ಹೋದ ತಕ್ಷಣ ಅದನ್ನು ತೋರಿಸಿ. ಒಮ್ಮೆ ಹೊಟ್ಟೆ ತೆಗೆದವರಿಗೆ ಒಳಗೆ ಕರುಳು ಅಂಟಿಕೊಂಡು ಕಟ್ಟಿಕೊಳ್ಳುವ ಸಾಧ್ಯತೆ ಇರುತ್ತದೆ, ಅಪರೂಪಕ್ಕೆ ಮತ್ತೆ ತಿರುಚುವುದೂ ಉಂಟು.

ಮಲೆನಾಡ_ಅಮ್ಮ
ಆಯ್ತು ಡಾಕ್ಟ್ರೇ, ನಾಳೆಯೇ ಮಾಡಿಸುತ್ತೇನೆ.